ಶಿಖರದಿಂದ ಇಳಿದ ಮೇಲೆ

ಎತ್ತರಕ್ಕೆ ಏರಿದವನನ್ನು ಲೋಕವು ಕೊಂಡಾಡುತ್ತದೆ. ಏರಿದವನು ಇಳಿದು ಬಂದ ಮೇಲೆ ಹೇಗೆ ಬಾಳಿದನೆಂಬುದನ್ನು ವಿಚಾರಿಸುವವರು ವಿರಳ. ಅಧಿಕಾರವಾಗಲಿ, ಐಶ್ವರ್ಯವಾಗಲಿ, ವಿದ್ಯೆಯಾಗಲಿ, ಸಾಹಸವಾಗಲಿ, ಏರುವ ಕಾಲದಲ್ಲಿ ಎಲ್ಲರ ಕಣ್ಣೂ ಅವನ ಮೇಲಿರುತ್ತದೆ. ಹಾರ ತುರಾಯಿಗಳ ಸಂಭ್ರಮ ಮುಗಿದು, ಕೂದಲು ನೆರೆತು, ಕಾಲಿನ ಕಸುವು ಕುಂದಿದಾಗ ಅವನು ತನ್ನ ಪಾಡಿಗೆ ತಾನು ಮನೆಯ ಜಗಲಿಯ ಮೇಲೆ ಕುಳಿತಿರುತ್ತಾನೆ. ಹಾಗಾದರೆ ಮನುಷ್ಯನ ಹಿರಿಮೆಯು ಪರೀಕ್ಷೆಗೆ ಒಳಗಾಗುವುದು ಏರುವ ಹೊತ್ತಿನಲ್ಲೋ, ಇಳಿದ ಮೇಲಿನ ಬಾಳಿನಲ್ಲೋ? ಗೃಹಸ್ಥರಾದ ನಾವು ಈ ಪ್ರಶ್ನೆಯನ್ನು ಸಮಾಧಾನದಿಂದ ವಿಚಾರ ಮಾಡುವುದು ಯೋಗ್ಯವಾಗಿದೆ. ಏಕೆಂದರೆ ನಮ್ಮಲ್ಲಿ ಪ್ರತಿಯೊಬ್ಬನೂ ತನ್ನ ಶಕ್ತಿಯಿದ್ದಷ್ಟು ಯಾವುದೋ ಒಂದು ಬೆಟ್ಟವನ್ನು ಹತ್ತುತ್ತಲೇ ಇದ್ದಾನೆ.

ಪ್ರಪಂಚದ ಅತ್ಯುನ್ನತ ಶಿಖರವನ್ನು ಮೊಟ್ಟಮೊದಲು ಮೆಟ್ಟಿದ ವೃದ್ಧರೊಬ್ಬರ ಸಮ್ಮುಖದಲ್ಲಿ ಒಂದು ಸಂಜೆಯನ್ನು ಕಳೆಯುವ ಅವಕಾಶವು ನಮಗೆ ಒದಗಿತೆಂದು ಭಾವಿಸೋಣ. ನಾವು ಅವರನ್ನು ಏನು ಕೇಳುವೆವು? ಅಲ್ಲಿ ಚಳಿ ಎಷ್ಟಿತ್ತು, ಭಯವಾಯಿತೆ, ತುದಿಯಲ್ಲಿ ನಿಂತಾಗ ಏನೆನ್ನಿಸಿತು, ಇವೇ ನಮ್ಮ ಬಾಯಿಗೆ ಮೊದಲು ಬರುವ ಪ್ರಶ್ನೆಗಳು. ಆ ಶಿಖರವನ್ನು ಏರಿದ ಇಬ್ಬರೂ ಈಗ ಇಲ್ಲ. ತೇನ್‌ಸಿಂಗ್ ನೋರ್ಗೆಯವರು 1986ರ ಮೇ 9ರಂದು ದಾರ್ಜಿಲಿಂಗಿನಲ್ಲಿಯೂ, ಎಡ್ಮಂಡ್ ಹಿಲರಿಯವರು 2008ರ ಜನವರಿ 11ರಂದು ತಮ್ಮ ನಾಡಾದ ನ್ಯೂಜಿಲೆಂಡಿನಲ್ಲಿಯೂ ತೀರಿಕೊಂಡರು. ಆದರೆ ಅವರು ಬಾಳಿದ ಬಾಳು ನಮ್ಮ ಮುಂದಿದೆ. ಅದರೊಡನೆ ಒಂದು ಸಂಜೆ ಕುಳಿತರೆ ಅದು ಉತ್ತರ ಕೊಡಬಲ್ಲುದು.

ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಜನರಿಗೆ ಹಿಮಾಲಯವು ಬಹುದೂರದ ಮಾತು. ನಮ್ಮ ಬೆಟ್ಟಗಳು ಸಣ್ಣವು. ಚನ್ನಗಿರಿಯ ಕೋಟೆಯ ಬೆಟ್ಟವನ್ನು ಹತ್ತಿ ರಂಗನಾಥನ ಗುಡಿಯನ್ನು ಕಂಡವರು ಊಟದ ಹೊತ್ತಿಗೆ ಮನೆ ಸೇರಬಹುದು. ನ್ಯಾಮತಿಯ ಕಡೆಯ ತೀರ್ಥರಾಮೇಶ್ವರದ ಗುಡ್ಡಕ್ಕೆ ಹೋದವರು ಅಲ್ಲಿ ಬತ್ತದೆ ಒಸರುವ ನೀರನ್ನು ಬೊಗಸೆಯಲ್ಲಿ ಕುಡಿದು ಇಳಿದು ಬರುವರು. ಜಗಳೂರಿನ ಕಡೆ, ಕೊಂಡುಕುರಿಗಳ ನೆಲೆಯಾದ ರಂಗಯ್ಯನದುರ್ಗದ ಸುತ್ತಿನ ಕುರುಚಲು ಗುಡ್ಡಗಳನ್ನು ಕುರಿ ಕಾಯುವವರು ಹತ್ತಿ ಇಳಿಯುವುದು ನಿತ್ಯದ ಕೆಲಸ. ಹೊನ್ನಾಳಿಯವರಿಗಾದರೋ ಗುಡ್ಡಕ್ಕಿಂತ ತುಂಗಭದ್ರೆಯೇ ಹತ್ತಿರ. ಈ ಬೆಟ್ಟಗಳನ್ನು ಹತ್ತಿದೆನೆಂದು ಇಲ್ಲಿ ಯಾರೂ ಬೀಗುವುದಿಲ್ಲ. ಹತ್ತಿದವನು ಇಳಿಯಲೇಬೇಕೆಂಬುದು ಎಲ್ಲರಿಗೂ ಗೊತ್ತು.

ನಮ್ಮ ತೋಟಗಳಲ್ಲಿ ಅಡಕೆಯ ಮರವನ್ನೇರಿ ಕೊನೆ ಕೊಯ್ಯುವವನನ್ನು ನೋಡಿರಿ. ಅವನು ಗಾಳಿಗೆ ತೊನೆಯುವ ಮರದ ತುದಿಯಲ್ಲಿ ಜೀವವನ್ನು ಕೈಯಲ್ಲಿ ಹಿಡಿದು ಕೆಲಸ ಮಾಡುತ್ತಾನೆ. ಆದರೆ ಆ ಏರಿಕೆಗೆ ಬೆಲೆ ಬರುವುದು ಕೊನೆಯು ಕೆಡದೆ ಕೆಳಗೆ ಇಳಿದಾಗ. ಮೇಲಿನಿಂದ ಹಗ್ಗದ ಮೇಲೆ ಜಾರಿ ಬರುವ ಕೊನೆಯನ್ನು ಹಿಡಿಯಲು ಕೆಳಗೆ ಒಬ್ಬನು ನಿಂತಿರುತ್ತಾನೆ. ಅವನ ಕೈ ಸಡಿಲಿದರೆ ಮೇಲಿನವನ ಚಾತುರ್ಯವೆಲ್ಲ ಮಣ್ಣುಪಾಲು. ಹಗ್ಗದ ಎರಡು ತುದಿಗಳಲ್ಲಿ ಇಬ್ಬರು ಇದ್ದಾರೆಂಬ ಈ ಸರಳವಾದ ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಹಿಮಾಲಯದ ಕಥೆಯನ್ನು ಕೇಳೋಣ.

1953ರ ಮೇ 29ರಂದು, ಮಧ್ಯಾಹ್ನಕ್ಕೆ ಇನ್ನೂ ಅರ್ಧ ಗಂಟೆ ಇರುವಾಗ, ತೇನ್‌ಸಿಂಗ್ ಮತ್ತು ಹಿಲರಿ ಎವರೆಸ್ಟಿನ ನೆತ್ತಿಯ ಮೇಲೆ ನಿಂತರು. ಅವರು ಅಲ್ಲಿದ್ದುದು ಸುಮಾರು ಕಾಲು ಗಂಟೆ. ಆ ಕಾಲು ಗಂಟೆಯ ಹಿಂದೆ ಎಷ್ಟು ಜನರ ಬೆನ್ನು ಬಾಗಿತ್ತೆಂಬುದನ್ನು ಲೆಕ್ಕ ಹಾಕಬೇಕು. ಆ ಯಾತ್ರೆಯ ಹೊರೆಯನ್ನು ಹೊರಲು 362 ಮಂದಿ ಕೂಲಿಗಳಿದ್ದರು. ದಳದ ನಾಯಕರಾದ ಜಾನ್ ಹಂಟ್ ಅವರು ದಾ ನಾಮ್‌ಗ್ಯಾಲ್ ಎಂಬ ಶೆರ್ಪಾನೊಡನೆ ತಾವೇ ಹೊರೆ ಹೊತ್ತು ಮೇಲಿನ ಏಣಿನವರೆಗೆ ಹೋಗಿ, ಅದನ್ನು ಮುಂದೆ ಬರುವವರಿಗಾಗಿ ಇಳಿಸಿಟ್ಟು ಬಂದರು. ಮೇ 28ರಂದು ಜಾರ್ಜ್ ಲೋವ್, ಆಲ್‌ಫ್ರೆಡ್ ಗ್ರೆಗರಿ, ಆಂಗ್ ನಿಮಾ ಎಂಬ ಮೂವರು ಸುಮಾರು 27,900 ಅಡಿಗಳ ಎತ್ತರಕ್ಕೆ ಗುಡಾರದ ಸಾಮಾನನ್ನು ಸಾಗಿಸಿ, ತುದಿಯನ್ನು ನೋಡುವ ಆಸೆಯನ್ನು ಅಲ್ಲಿಯೇ ಬಿಟ್ಟು ಕೆಳಕ್ಕೆ ಇಳಿದರು. ಇವೆಲ್ಲಕ್ಕೂ ಮಿಗಿಲಾದುದು ಮೇ 26ರ ಸಂಗತಿ. ಅಂದು ಚಾರ್ಲ್ಸ್ ಇವಾನ್ಸ್ ಮತ್ತು ಟಾಮ್ ಬೋರ್ಡಿಲನ್ ಎಂಬವರು ದಕ್ಷಿಣದ ಕಿರುಶಿಖರವನ್ನು ಮುಟ್ಟಿದ್ದರು. ನೆತ್ತಿಗೆ ಉಳಿದುದು ಸುಮಾರು 300 ಅಡಿ ಮಾತ್ರ. ಹೊತ್ತು ಮೀರಿತ್ತು, ಪ್ರಾಣವಾಯು ಸಾಲದಾಗಿತ್ತು. ಮುಂದೆ ಹೋದರೆ ಹಿಂದಿರುಗುವುದು ಸಾಧ್ಯವಿಲ್ಲವೆಂದು ಕಂಡು ಅವರು ತಿರುಗಿ ಬಂದರು. ಲೋಕವು ಇವರ ಹೆಸರುಗಳನ್ನು ಮರೆತಿದೆ. ಆದರೆ 300 ಅಡಿಗಳನ್ನು ಏರದೆ ಬಿಡಲು ಬೇಕಾದ ಮನಸ್ಸಿನ ಬಲವು ಏರಲು ಬೇಕಾದ ಬಲಕ್ಕಿಂತ ಕಡಿಮೆಯದೆಂದು ಹೇಳಬಲ್ಲವರು ಯಾರು?

ಶಿಖರದಿಂದ ಇಳಿದು ಬಂದ ಇಬ್ಬರನ್ನೂ ಕಾಠ್ಮಂಡುವಿನಲ್ಲಿ ಎದುರುಗೊಂಡ ಪ್ರಶ್ನೆ ಒಂದೇ: ಮೊದಲು ಕಾಲಿಟ್ಟವರು ಯಾರು? ನೇಪಾಳದವರು ತೇನ್‌ಸಿಂಗ್ ನಮ್ಮವರೆಂದರು, ಭಾರತದವರು ನಮ್ಮವರೆಂದರು; ಇಂಗ್ಲೆಂಡಿನ ದಳದ ಗೌರವವು ಹಿಲರಿಯವರ ಕಡೆಗಿತ್ತು. ಒಂದು ಹೆಜ್ಜೆಯ ಹಿಂದುಮುಂದಿಗಾಗಿ ರಾಷ್ಟ್ರಗಳು ಜಗ್ಗಾಡಿದವು. ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ತಲಪಿದೆವೆಂದು ಬರೆದು ರುಜು ಹಾಕಿದರು. 1955ರಲ್ಲಿ ಹೊರಬಂದ ಆತ್ಮಕಥೆಯಲ್ಲಿ ತೇನ್‌ಸಿಂಗ್‌ರು ಈ ಮರೆಯನ್ನು ತಾವಾಗಿಯೇ ಸರಿಸಿದರು. ಹಗ್ಗದಲ್ಲಿ ಮುಂದಿದ್ದವರು ಹಿಲರಿ, ತಮ್ಮದು ಅವರ ಹಿಂದಿನ ಹೆಜ್ಜೆ ಎಂದು ಅವರು ಬಿಚ್ಚಿ ಹೇಳಿದರು.

ಇಲ್ಲಿ ನಾವು ನಿಂತು ನೋಡಬೇಕಾದ ವಿಷಯವಿದೆ. ತನಗೆ ಲಾಭವಾಗುವ ಮೌನವನ್ನು ತಾನೇ ಮುರಿಯುವುದು ಸುಲಭವಲ್ಲ. ಕೋಟ್ಯಂತರ ಜನರು ತೇನ್‌ಸಿಂಗ್‌ರನ್ನು ಮೊದಲಿಗರೆಂದು ಹಾಡಿ ಹೊಗಳುತ್ತಿದ್ದರು. ಸುಮ್ಮನಿದ್ದರೆ ಆ ಕೀರ್ತಿಯು ಅವರಲ್ಲಿಯೇ ನಿಲ್ಲುತ್ತಿತ್ತು. ಅತ್ತ ಹಿಲರಿಯವರೂ ತಾವು ಮೊದಲಿಗರೆಂದು ಸಾರಲು ಹೊರಡಲಿಲ್ಲ. ತೇನ್‌ಸಿಂಗ್‌ರು ಬದುಕಿರುವವರೆಗೂ ಇಬ್ಬರೂ ಜೊತೆಯಾಗಿ ಏರಿದೆವೆಂಬ ಮಾತಿಗೇ ಅಂಟಿಕೊಂಡರು. ಒಬ್ಬರು ಸತ್ಯದ ಸಲುವಾಗಿ ಕೀರ್ತಿಯನ್ನು ಬಿಟ್ಟರು, ಇನ್ನೊಬ್ಬರು ಗೆಳೆತನದ ಸಲುವಾಗಿ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಈ ಇಬ್ಬರ ನಡುವೆ ಇದ್ದ ಹಗ್ಗವು ಬರಿಯ ನೂಲಿನದಲ್ಲ. ಅದೇ ಯಾತ್ರೆಯ ಆರಂಭದಲ್ಲಿ ಹಿಲರಿಯವರು ಹಿಮದ ಬಿರುಕಿನಲ್ಲಿ ಬಿದ್ದಾಗ ತೇನ್‌ಸಿಂಗ್‌ರು ಹಗ್ಗವನ್ನು ಬಿಗಿಹಿಡಿದು ಅವರನ್ನು ಉಳಿಸಿದ್ದರು. ತನ್ನ ಪ್ರಾಣವನ್ನು ಹಿಡಿದು ನಿಲ್ಲಿಸಿದ ಕೈಯೊಡನೆ ಯಾರು ಹೆಜ್ಜೆಯ ಲೆಕ್ಕವನ್ನು ಮಾಡುವರು?

ಶಿಖರದ ಮೇಲೆ ತೆಗೆದ ಪ್ರಸಿದ್ಧವಾದ ಭಾವಚಿತ್ರದಲ್ಲಿ ಇರುವವರು ತೇನ್‌ಸಿಂಗ್ ಒಬ್ಬರೇ. ಕ್ಯಾಮೆರಾ ಹಿಡಿದಿದ್ದವರು ಹಿಲರಿ. ಅವರ ಚಿತ್ರವು ಅಲ್ಲಿ ತೆಗೆಯಲ್ಪಡಲೇ ಇಲ್ಲ. ಮನೆಯ ದೇವರ ಕೋಣೆಯಲ್ಲಿ ಕುಳಿತಾಗಲೂ ಚಿತ್ರ ತೆಗೆಸಿಕೊಳ್ಳುವ ಈ ಕಾಲದಲ್ಲಿ ಇದನ್ನು ನೆನೆಯುವುದು ಒಳ್ಳೆಯದು. ತೇನ್‌ಸಿಂಗ್‌ರಾದರೋ ತಮ್ಮ ಮಗಳು ಕೊಟ್ಟಿದ್ದ ಸಣ್ಣ ಪೆನ್ಸಿಲೊಂದನ್ನೂ ಕೆಲವು ಸಿಹಿತಿಂಡಿಗಳನ್ನೂ ಶಿಖರದ ಹಿಮದಲ್ಲಿ ಕಾಣಿಕೆಯಾಗಿ ಹೂತಿಟ್ಟರು. ಓದುಬರಹವನ್ನು ಕಲಿಯದ ತಂದೆಯು ಲೋಕದ ನೆತ್ತಿಯ ಮೇಲೆ ಮಗಳ ಪೆನ್ಸಿಲನ್ನು ಅರ್ಪಿಸಿದನೆಂಬುದನ್ನು ಕೇಳಿ ಮನಸ್ಸು ಕರಗದ ಗೃಹಸ್ಥನು ಯಾರು?

ಇನ್ನು ಇಳಿದ ಮೇಲಿನ ಬಾಳಿಗೆ ಬರೋಣ. 1953ರ ಏರಿಕೆಯು ತೇನ್‌ಸಿಂಗ್‌ರಿಗೆ ಎವರೆಸ್ಟಿನ ಏಳನೆಯ ಪ್ರಯತ್ನವಾಗಿತ್ತು. 1935ರಲ್ಲಿ ಹೊರೆ ಹೊರುವವನಾಗಿ ಅವರು ಮೊದಲು ಅಲ್ಲಿಗೆ ಹೋಗಿದ್ದರು. ಹದಿನೆಂಟು ವರ್ಷಗಳ ಈ ಅನುಭವವನ್ನು ಅವರು ಮುಪ್ಪಿಗೆ ಹೇಳಿಕೊಳ್ಳುವ ಕಥೆಯನ್ನಾಗಿ ಮಾಡಿಕೊಳ್ಳಲಿಲ್ಲ. 1954ರ ನವೆಂಬರಿನಲ್ಲಿ ದಾರ್ಜಿಲಿಂಗಿನಲ್ಲಿ ಹಿಮಾಲಯ ಪರ್ವತಾರೋಹಣ ಸಂಸ್ಥೆಯು ಪ್ರಾರಂಭವಾದಾಗ ಅಲ್ಲಿ ತರಬೇತಿಯ ನಿರ್ದೇಶಕರಾದರು. ಅಂದಿನಿಂದ ಎರಡು ದಶಕಗಳಿಗೂ ಹೆಚ್ಚುಕಾಲ, ಯಾವ ಬೆಟ್ಟವನ್ನೂ ಕಾಣದ ಊರುಗಳಿಂದ ಬಂದ ತರುಣರಿಗೆ ಗಂಟು ಹಾಕುವುದನ್ನೂ, ಹಿಮದಲ್ಲಿ ಹೆಜ್ಜೆ ಇಡುವುದನ್ನೂ ಕಲಿಸಿದರು. ಪರ್ವತವು ತಮ್ಮಿಂದ ಪುನಃ ಪುನಃ ಬೇಡಿ ಪಡೆದ ತಾಳ್ಮೆಯನ್ನು ಅವರು ಕಲಿಯುವವರಿಗೆ ಹಂಚಿದರು. ಇದಕ್ಕೆ ಕಾಯಕವೆಂಬ ಹೆಸರಲ್ಲದೆ ಬೇರೆ ಹೆಸರು ಸಲ್ಲದು. ಒಂದು ದಿನದ ಸಾಹಸವು ಪತ್ರಿಕೆಗಳಿಗೆ ಸುದ್ದಿಯಾಯಿತು. ಇಪ್ಪತ್ತು ವರ್ಷಗಳ ಪಾಠವು ಸುದ್ದಿಯಾಗಲಿಲ್ಲ.

ಹಿಲರಿಯವರದು ಇನ್ನೊಂದು ಬಗೆ. ಅವರು ವೃತ್ತಿಯಿಂದ ಜೇನು ಸಾಕುವವರು. ಶಿಖರವು ಅವರಿಗೆ ಒಂದು ಹೆಸರನ್ನು ಕೊಟ್ಟಿತು. ಆ ಹೆಸರನ್ನು ಏನು ಮಾಡಬೇಕೆಂಬುದಕ್ಕೆ ಉತ್ತರವು ದೊರೆತುದು ಶೆರ್ಪಾ ಜನರಿಂದ. ತಾವು ನಿಮಗೆ ಏನು ಮಾಡಬಹುದೆಂದು ಕೇಳಿದಾಗ ಶೆರ್ಪಾ ಹಿರಿಯನೊಬ್ಬನು, ನಮ್ಮ ಮಕ್ಕಳು ಕಣ್ಣಿದ್ದೂ ಕಾಣದವರಾಗಿದ್ದಾರೆ, ಅವರಿಗೆ ಶಾಲೆ ಬೇಕು ಎಂಬ ಅರ್ಥದ ಮಾತನ್ನು ಹೇಳಿದನೆಂದು ಅವರೇ ನೆನೆಯುತ್ತಿದ್ದರು. 1961ರಲ್ಲಿ ಖುಮ್‌ಜುಂಗ್ ಎಂಬ ಹಳ್ಳಿಯಲ್ಲಿ ಶಾಲೆಯು ಎದ್ದಿತು. 1963ರಲ್ಲಿ ಥಾಮೆ ಮತ್ತು ಪಾಂಗ್‌ಬೋಚೆಗಳಲ್ಲಿ ಶಾಲೆಗಳಾದವು. 1966ರಲ್ಲಿ ಕುಂಡೆಯಲ್ಲಿ ಆಸ್ಪತ್ರೆಯಾಯಿತು. ವರ್ಷ ವರ್ಷವೂ ದೇಶದೇಶಗಳನ್ನು ಸುತ್ತಿ ಉಪನ್ಯಾಸ ಮಾಡಿ, ಬಂದ ಹಣವನ್ನು ಬೆಟ್ಟದ ಹಳ್ಳಿಗಳಿಗೆ ತಂದರು. ತಾವೇ ಸುತ್ತಿಗೆ ಹಿಡಿದು ಮೊಳೆ ಬಡಿದರು. ಕೀರ್ತಿಯನ್ನು ಅನುಭವಿಸುವವರು ಬಹಳ. ಕೀರ್ತಿಯನ್ನು ಕೂಲಿಯಾಳಿನಂತೆ ದುಡಿಸಿ ಅದರ ಗಳಿಕೆಯನ್ನು ಪರರಿಗೆ ಉಣಬಡಿಸುವವರು ಕಡಿಮೆ. ದಾಸೋಹವೆಂಬ ಪದವು ಅವರ ಭಾಷೆಯಲ್ಲಿ ಇರಲಿಲ್ಲ, ಅದರ ಆಚರಣೆಯಿತ್ತು.

ಈ ದಾರಿಯು ಹೂವಿನದಾಗಿರಲಿಲ್ಲ. 1975ರ ಮಾರ್ಚ್ 31ರಂದು ಅವರ ಪತ್ನಿ ಲೂಯಿಸ್ ಮತ್ತು ಹದಿನಾರು ವರ್ಷದ ಮಗಳು ಬೆಲಿಂಡಾ, ಫಾಪ್ಲು ಎಂಬಲ್ಲಿ ಆಸ್ಪತ್ರೆಯನ್ನು ಕಟ್ಟಿಸುತ್ತಿದ್ದ ಅವರ ಬಳಿಗೆ ಹೊರಟಾಗ, ಕಾಠ್ಮಂಡುವಿನ ಹತ್ತಿರ ವಿಮಾನವು ಬಿದ್ದು ಇಬ್ಬರೂ ಮಡಿದರು. ಪರೋಪಕಾರಕ್ಕೆ ಹೋದ ದಾರಿಯಲ್ಲಿಯೇ ಮನೆ ಬರಿದಾಯಿತು. ಧರ್ಮಕ್ಕೆ ಫಲವೆಂದರೆ ಸುಖವೆಂದು ನಂಬಿದವನು ಇಲ್ಲಿ ಎಡವುತ್ತಾನೆ. ನಾನು ಒಳ್ಳೆಯದನ್ನು ಮಾಡಿದೆ, ನನಗೇಕೆ ಈ ಗತಿ ಎಂದು ಕೇಳುತ್ತಾನೆ. ಹಿಲರಿಯವರು ಬಹುಕಾಲ ದುಃಖದಲ್ಲಿ ಮುಳುಗಿದ್ದರು. ಆದರೂ ಕೈಗೆತ್ತಿಕೊಂಡ ಕೆಲಸವನ್ನು ಬಿಡಲಿಲ್ಲ, ಆಸ್ಪತ್ರೆಯು ಪೂರ್ಣವಾಯಿತು. ಫಲವನ್ನು ಕಂಡು ಮಾಡುವ ಸೇವೆಗೂ, ಫಲವು ಕಣ್ಣೆದುರು ಸುಟ್ಟುಹೋದ ಮೇಲೂ ಮಾಡುವ ಸೇವೆಗೂ ಇರುವ ಅಂತರವು ಎವರೆಸ್ಟಿನ ಎತ್ತರಕ್ಕಿಂತ ದೊಡ್ಡದು.

ಅವರ ಒಳ್ಳೆಯ ಕೆಲಸಗಳಿಗೂ ನೆರಳಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಆಸ್ಪತ್ರೆಗೆ ಸಾಮಾನನ್ನು ಸಾಗಿಸಲೆಂದು 1964ರಲ್ಲಿ ಲುಕ್ಲಾದಲ್ಲಿ ಅವರು ವಿಮಾನದ ನೆಲೆಯನ್ನು ಮಾಡಿಸಿದರು. ಅದೇ ದಾರಿಯಿಂದ ಪ್ರವಾಸಿಗರು ಸಾವಿರ ಸಾವಿರವಾಗಿ ಬಂದರು. ಅವರ ಒಲೆಗಳಿಗಾಗಿ ಬೆಟ್ಟದ ಕಾಡು ಕರಗಿತು. ಇದನ್ನು ಕಂಡು ಹಿಲರಿಯವರು ಕಣ್ಣು ಮುಚ್ಚಿಕೊಳ್ಳಲಿಲ್ಲ. ತಮ್ಮ ಕೆಲಸದಿಂದ ಬಂದ ಕೇಡೆಂದು ಒಪ್ಪಿಕೊಂಡು, ಸಸಿಗಳನ್ನು ಬೆಳೆಸುವ, ಕಾಡನ್ನು ಮರಳಿ ನೆಡುವ ಕಾರ್ಯಕ್ಕೆ ನಿಂತರು. ಪುಣ್ಯದ ಕೆಲಸವನ್ನು ಮಾಡಿ ಕೈ ತೊಳೆದುಕೊಳ್ಳುವುದಲ್ಲ, ಅದರಿಂದ ಆದ ಕೇಡನ್ನು ತಿದ್ದುವುದೂ ಮಾಡಿದವನದೇ ಹೊಣೆ.

1977ರಲ್ಲಿ, ತಮ್ಮ 58ನೆಯ ವಯಸ್ಸಿನಲ್ಲಿ, ಅವರು ಸಮುದ್ರದ ಮುಖದಿಂದ ಗಂಗಾನದಿಯಲ್ಲಿ ಯಂತ್ರದ ದೋಣಿಗಳಿಂದ ಮೇಲಕ್ಕೆ ಸಾಗಿ, ದೋಣಿ ಹೋಗದಲ್ಲಿಂದ ಕಾಲ್ನಡೆಯಲ್ಲಿ ಹಿಮಗಿರಿಯನ್ನು ಏರಲು ಹೊರಟರು. ಸುಮಾರು 18,000 ಅಡಿಗಳ ಎತ್ತರದಲ್ಲಿ ಎತ್ತರದ ಬೇನೆಯು ಅವರನ್ನು ಕೆಡವಿತು. ಜೊತೆಯವರು ಅವರನ್ನು ಕೆಳಕ್ಕೆ ಇಳಿಸಿ ತಂದರು, ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಸಾಗಿಸಿದರು. ಲೋಕದ ನೆತ್ತಿಯನ್ನು ಮೆಟ್ಟಿದವರು ಅದಕ್ಕಿಂತ 11,000 ಅಡಿ ಕೆಳಗೆ ಪರರ ಕೈಯಲ್ಲಿ ಇಳಿಸಲ್ಪಡಬೇಕಾಯಿತು. ಹೊರುವ ಕಾಲವಿದ್ದಂತೆ ಹೊರಿಸಿಕೊಳ್ಳುವ ಕಾಲವೂ ಬರುತ್ತದೆ. ಅದನ್ನು ನಾಚಿಕೆಯಿಲ್ಲದೆ ಒಪ್ಪಿಕೊಳ್ಳುವುದು ಮುಪ್ಪಿನ ಧರ್ಮ. ಹೊತ್ತು ಇಳಿಸುವುದು ಕಿರಿಯರ ಧರ್ಮ.

ಈಗ ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆಗೆ ಬರುತ್ತೇವೆ. 2006ರ ಮೇ ತಿಂಗಳಲ್ಲಿ ಡೇವಿಡ್ ಶಾರ್ಪ್ ಎಂಬ ಆಂಗ್ಲ ಆರೋಹಿಯು ಎವರೆಸ್ಟಿನ ಉತ್ತರದ ಏಣಿನಲ್ಲಿ ಬಂಡೆಯೊಂದರ ಮರೆಯಲ್ಲಿ ಕುಸಿದು ಕುಳಿತಿದ್ದರು. ಆ ದಾರಿಯಲ್ಲಿ ಅಂದು ಸುಮಾರು 40 ಮಂದಿ ಹಾದುಹೋದರೆಂದು ವರದಿಯಾಯಿತು. ಕೆಲವರು ಮಾತನಾಡಿಸಿದರು, ಕೆಲವರು ಪ್ರಾಣವಾಯುವನ್ನು ಕೊಟ್ಟು ನೋಡಿದರು. ಬಹುಮಂದಿ ಮುಂದಕ್ಕೆ ಏರಿದರು. ಶಾರ್ಪ್ ಅಲ್ಲಿಯೇ ಅಸುನೀಗಿದರು. ಆಗ 86 ವರ್ಷದ ವೃದ್ಧರಾಗಿದ್ದ ಹಿಲರಿಯವರು ಮೌನವಾಗಿರಲಿಲ್ಲ. ಶಿಖರಕ್ಕಿಂತ ಮನುಷ್ಯನ ಜೀವ ಹೆಚ್ಚಿನದು, ಸಾಯುತ್ತಿರುವವನನ್ನು ದಾಟಿ ಹೋಗುವುದು ತಪ್ಪು ಎಂದು ಅವರು ನಿಷ್ಠುರವಾಗಿ ಹೇಳಿದರು.

ಇದಕ್ಕೆ ಪ್ರತಿಯಾದ ವಾದವೂ ಇದೆ. ಅದನ್ನು ತಳ್ಳಿಹಾಕುವುದು ನ್ಯಾಯವಲ್ಲ. ಅಷ್ಟು ಎತ್ತರದಲ್ಲಿ ತನ್ನ ದೇಹವನ್ನು ತಾನು ಹೊರುವುದೇ ದುಸ್ತರ. ಕಾಲು ಸೋತವನನ್ನು ಹೊತ್ತು ಇಳಿಸುವುದು ಅಸಾಧ್ಯ. ಯತ್ನಿಸಿದವನೂ ಸಾಯಬಹುದು, ಒಂದು ಸಾವು ಎರಡಾಗಬಹುದು. ಈ ಮಾತು ಸುಳ್ಳಲ್ಲ. ಆದರೆ ಇಲ್ಲಿ ಸೂಕ್ಷ್ಮವೊಂದಿದೆ. ಹೊತ್ತು ಇಳಿಸಲು ನನ್ನಿಂದಾಗದು ಎಂದು ಹೇಳಿದವನು ಮೇಲಕ್ಕೆ ಏರಲು ಉಳಿಸಿಕೊಂಡ ಬಲವು ಎಲ್ಲಿತ್ತು? ಬಲವಿಲ್ಲವೆಂದು ಕೆಳಕ್ಕೆ ತಿರುಗಿದವನ ಮಾತನ್ನು ನಂಬಬಹುದು. ಬಲವಿಲ್ಲವೆಂದು ಹೇಳಿ ಮೇಲಕ್ಕೆ ನಡೆದವನ ಮಾತನ್ನು ನಂಬುವುದು ಹೇಗೆ? ಉಳಿಸಲಾಗದಿದ್ದರೂ, ಸಾಯುವವನ ಪಕ್ಕದಲ್ಲಿ ಒಂದು ಗಳಿಗೆ ಕುಳಿತು ಅವನ ಕೈ ಹಿಡಿಯುವುದು ಸಾಧ್ಯವಾಗುವಷ್ಟು ಕಾಲ ನಮ್ಮಲ್ಲಿಲ್ಲದಿದ್ದರೆ, ಆ ಏರಿಕೆಯು ಯಾವ ಎತ್ತರಕ್ಕೆ ಕರೆದೊಯ್ಯುವುದು? 1953ರಲ್ಲಿ 300 ಅಡಿಗಳನ್ನು ಬಿಟ್ಟು ತಿರುಗಿದವರನ್ನು ಇಲ್ಲಿ ನೆನೆಯಬೇಕು. ಶಿಖರವನ್ನು ಬಿಡಬಲ್ಲವನಿಗೆ ಮಾತ್ರ ಶಿಖರವು ಭೂಷಣ.

ಇದು ಹಿಮಾಲಯದ ಸಮಾಚಾರ, ನಮಗೇಕೆ ಎನ್ನಬಾರದು. ಎವರೆಸ್ಟಿನ ಏಣನ್ನು ಕಾಣದ ನಮ್ಮ ಹಳ್ಳಿಗಳಲ್ಲಿಯೂ ದಾಟಿ ಹೋಗುವವರಿದ್ದಾರೆ, ದಾರಿಯ ಬದಿಯಲ್ಲಿ ಕುಸಿದವರಿದ್ದಾರೆ. ಅಣ್ಣನು ಅಡಕೆಯ ಬೆಲೆಯಲ್ಲಿ ಏರಿ ಮಾಳಿಗೆ ಮನೆ ಕಟ್ಟಿಸುವಾಗ, ಜಗಳೂರಿನ ಕಡೆ ಒಣಬೇಸಾಯದ ತಮ್ಮನ ಕೊಳವೆಬಾವಿ ಬತ್ತಿ, ಸಾಲಗಾರರು ಬಾಗಿಲಿನಲ್ಲಿ ನಿಂತಿರಬಹುದು. ಓದಿ ಪಟ್ಟಣ ಸೇರಿದ ಮಗನು ಮೆಟ್ಟಿಲ ಮೇಲೆ ಮೆಟ್ಟಿಲು ಹತ್ತುವಾಗ, ಅವನ ಓದಿಗೆಂದು ಬಂಗಾರ ಅಡವಿಟ್ಟ ತಾಯಿ ಊರಿನಲ್ಲಿ ಒಬ್ಬಳೇ ದೀಪ ಹಚ್ಚುತ್ತಿರಬಹುದು. ನಮ್ಮಿಂದ ಏನಾದೀತು ಎಂಬ ಮಾತು ನಮಗೂ ಬಾಯಿಪಾಠವಾಗಿದೆ. ಆ ಮಾತನ್ನು ಆಡಿ ನಾವು ಕೆಳಕ್ಕೆ ತಿರುಗುತ್ತೇವೋ ಮೇಲಕ್ಕೆ ನಡೆಯುತ್ತೇವೋ ಎಂಬುದನ್ನು ನಮ್ಮ ನಮ್ಮ ಅಂತಃಸಾಕ್ಷಿಯೇ ಹೇಳಬೇಕು.

ಹಿರಿಯರ ಬಳಿ ಕುಳಿತಾಗ ನಾವು ಕೇಳುವ ಪ್ರಶ್ನೆಗಳನ್ನೂ ತಿದ್ದಿಕೊಳ್ಳಬೇಕಾಗಿದೆ. ಎಷ್ಟು ಎಕರೆ ಮಾಡಿದಿರಿ, ಎಷ್ಟು ಗಳಿಸಿದಿರಿ, ಯಾವ ಪದವಿಯಲ್ಲಿದ್ದಿರಿ ಎಂದು ಕೇಳುವವನು ಮೊದಲು ಯಾರು ಕಾಲಿಟ್ಟರೆಂದು ಕೇಳಿದ ಗುಂಪಿಗೇ ಸೇರಿದವನು. ಚನ್ನಗಿರಿ ಸೀಮೆಯ ಸೂಳೆಕೆರೆಯನ್ನು, ಶಾಂತಿಸಾಗರವೆಂದು ಕರೆಯುವ ಆ ವಿಶಾಲವಾದ ಜಲರಾಶಿಯನ್ನು, ಶಾಂತವ್ವೆಯು ಕಟ್ಟಿಸಿದಳೆಂದು ಜನರ ಬಾಯಲ್ಲಿದೆ. ಎರಡು ಗುಡ್ಡಗಳ ನಡುವಿನ ಆ ಏರಿಗೆ ಬುಟ್ಟಿ ಬುಟ್ಟಿ ಮಣ್ಣು ಹೊತ್ತವರ ಹೆಸರು ಒಂದಾದರೂ ಉಳಿದಿಲ್ಲ. ಅವರು ಹೊತ್ತ ಮಣ್ಣು ಇಂದಿಗೂ ನೀರನ್ನು ಹಿಡಿದಿದೆ. ಆದುದರಿಂದ ಹಿರಿಯರನ್ನು ಹೀಗೆ ಕೇಳೋಣ: ಅಜ್ಜಾ, ನಿಮ್ಮ ಜೊತೆ ಯಾರಿದ್ದರು? ನೀವು ಬಿದ್ದಾಗ ಹಗ್ಗ ಹಿಡಿದವರು ಯಾರು? ಯಾವುದನ್ನು ಹತ್ತದೆ ಬಿಟ್ಟು ಬಂದಿರಿ? ಇಳಿದ ಮೇಲೆ ಏನು ಮಾಡಿದಿರಿ? ಈ ಪ್ರಶ್ನೆಗಳಿಗೆ ಉತ್ತರಿಸುವಾಗ ಮುದುಕರ ಕಣ್ಣು ತೇವವಾಗುತ್ತದೆ. ಆ ಉತ್ತರಗಳಲ್ಲಿ ಮನೆಯ ಮಕ್ಕಳಿಗೆ ಬೇಕಾದ ವಿದ್ಯೆಯಿದೆ.

1986ರಲ್ಲಿ ತೇನ್‌ಸಿಂಗ್‌ರು ತೀರಿಕೊಂಡಾಗ ಹಿಲರಿಯವರು ನ್ಯೂಜಿಲೆಂಡಿನ ರಾಯಭಾರಿಯಾಗಿ ದೆಹಲಿಯಲ್ಲಿದ್ದರು. ಸುದ್ದಿ ತಿಳಿದು ದಾರ್ಜಿಲಿಂಗಿಗೆ ಹೋಗಿ ಗೆಳೆಯನ ಅಂತ್ಯಕ್ರಿಯೆಯಲ್ಲಿ ನಿಂತರು. ಮೂವತ್ತಮೂರು ವರ್ಷಗಳ ಹಿಂದೆ ಒಂದೇ ಹಗ್ಗಕ್ಕೆ ಕಟ್ಟಿಕೊಂಡವರಲ್ಲಿ ಒಬ್ಬರು ಮುಂದೆ ನಡೆದಿದ್ದರು, ಇನ್ನೊಬ್ಬರು ಕೆಳಗೆ ನಿಂತಿದ್ದರು. ಆ ಹೊತ್ತಿನಲ್ಲಿ ಯಾರು ಮೊದಲಿಗರೆಂಬ ಪ್ರಶ್ನೆಗೆ ಯಾವ ಅರ್ಥವೂ ಉಳಿದಿರಲಿಲ್ಲ.

ಏರುವುದು ಹುರುಪಿನ ಕೆಲಸ, ಅದಕ್ಕೆ ಯೌವನ ಸಾಕು. ಅಹಂಕಾರವನ್ನು ಮೇಲೆಯೇ ಬಿಟ್ಟು, ಹೊತ್ತವರ ಹೆಸರನ್ನು ನಾಲಗೆಯ ಮೇಲೆ ಇಟ್ಟುಕೊಂಡು, ಕೈಯಲ್ಲಿ ಕೆಲಸವನ್ನು ಹಿಡಿದು ಇಳಿಯುವುದಕ್ಕೆ ಇಡಿಯ ಬಾಳೇ ಬೇಕು. ಸದ್ಭಕ್ತರಾದವರು ಮಕ್ಕಳಿಗೆ ಏರುವುದನ್ನು ಕಲಿಸಲಿ. ಜೊತೆಗೆ ಹಗ್ಗ ಹಿಡಿಯುವುದನ್ನೂ, ಬಿದ್ದವನಿಗಾಗಿ ನಿಲ್ಲುವುದನ್ನೂ, ಹೊತ್ತಿಗೆ ಸರಿಯಾಗಿ ತಿರುಗಿ ಬರುವುದನ್ನೂ ಕಲಿಸಲಿ. ಹಾಗೆ ಕಲಿತವನು ಯಾವ ಗುಡ್ಡವನ್ನು ಹತ್ತಿದರೂ ಎತ್ತರದವನೇ ಆಗುವನು.